ಕೂತಲ್ಲಿಗೆ ಎಟುಕುವ ಬೆಳಕು

ನಮ್ಮ ಮನೆಗೆ ಮೊದಲ ಸಲ ಬಂದವರು ಲೈಟು ಹಾಕಲು ಹೋಗಿ ಗೋಡೆ ತಡಕಾಡುತ್ತಿದ್ದರು. ಎಲ್ಲರ ಮನೆಯಲ್ಲೂ ಬಾಗಿಲ ಪಕ್ಕ ಎದೆಮಟ್ಟಕ್ಕೆ ಸ್ವಿಚ್ ಬೋರ್ಡು ಇರುವ ಕಡೆ ನಮ್ಮಲ್ಲಿ ಬರೀ ಗೋಡೆ. ಬೋರ್ಡು ಇದ್ದದ್ದು ಮೊಣಕಾಲಿಗಿಂತ ತುಸು ಮೇಲೆ. ನಡುಮನೆ, ಅಡುಗೆಮನೆ, ಬಚ್ಚಲು, ಎಲ್ಲ ಕಡೆ ಹಾಗೇ. ನಲ್ಲಿಗಳೂ ಅಷ್ಟೇ, ನಿಂತವರು ಸೊಂಟ ಬಗ್ಗಿಸಿಯೇ ನೀರು ಹಿಡಿಯಬೇಕು. ಬಂದವರಲ್ಲಿ ಕೆಲವರು ನಗುತ್ತಿದ್ದರು, ಕೆಲವರು ಏನೂ ಕೇಳದೆ ಸುಮ್ಮನಾಗುತ್ತಿದ್ದರು. ಕೇಳಿದವರಿಗೆ ಅಕ್ಕ ಮಂಜುಳ, ‘ನಮ್ಮಪ್ಪಾನೇ ವೈರಿಂಗ್ ಮಾಡಿದ್ದು’ ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಅದು ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ. ಆ ಬೋರ್ಡುಗಳು ಮೊದಲು ಎಲ್ಲರ ಮನೆಯಂತೆ ಮೇಲೆಯೇ ಇದ್ದವು. ಅವು ಕೆಳಗಿಳಿದು ಬಂದ ಕತೆಯೇ ನನ್ನ ಬಾಲ್ಯದ ಕತೆ. ಬೇರೆ ಏನು ಹೇಳಹೊರಟರೂ ನನ್ನ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಅಪ್ಪ ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ. ಮಗ್ಗ ನಿಂತರೆ, ಮೋಟಾರು ಸುಟ್ಟರೆ ಅಪ್ಪನನ್ನು ಕರೆಯುತ್ತಿದ್ದರು. ಅಮ್ಮ ಜಯಮ್ಮ ಮನೆಯಲ್ಲೇ ಕೂತು ಮಗ್ಗದವರಿಗೆ ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತಿಕೊಡುತ್ತಿದ್ದಳು. ರೇಷ್ಮೆ ಎಳೆ ಅವಳ ಹೆಬ್ಬೆರಳು ತೋರುಬೆರಳ ನಡುವೆ ಓಡಿ ಓಡಿ ಅಲ್ಲೊಂದು ಸಣ್ಣ ಗೀರು ಬಿದ್ದಿತ್ತು, ಅದು ಯಾವತ್ತೂ ಮಾಯಲಿಲ್ಲ. ನಾವಿದ್ದದ್ದು ನೇಕಾರರ ಬೀದಿಯ ಒಂದು ವಠಾರದಲ್ಲಿ. ಒಂದೇ ಕೋಣೆ, ಅದರ ಮೂಲೆಯೇ ಅಡುಗೆಮನೆ. ಹಗಲೆಲ್ಲ ಅಕ್ಕಪಕ್ಕದ ಮಗ್ಗಗಳ ಸದ್ದಿಗೆ ಗೋಡೆ ನಡುಗುತ್ತಿತ್ತು. ನಮ್ಮ ವಠಾರದವರೆಲ್ಲ ಗಂಟಲು ದೊಡ್ಡದು ಮಾಡಿಯೇ ಮಾತಾಡುವವರು, ಬೇರೆ ಊರಿನ ನೆಂಟರು ಬಂದರೆ ಜಗಳ ಆಡುತ್ತಿದ್ದೇವೆ ಅಂದುಕೊಳ್ಳುತ್ತಿದ್ದರು. ಜಗಳವೂ ಇರುತ್ತಿತ್ತು. ಇಡೀ ವಠಾರಕ್ಕೆ ಒಂದೇ ನಲ್ಲಿ, ಅದರಲ್ಲಿ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು. ಬಿಂದಿಗೆ ಸಾಲಿನಲ್ಲಿ ಯಾರದು ಮುಂದೆ ಯಾರದು ಹಿಂದೆ ಅನ್ನುವುದಕ್ಕೆ ಅಮ್ಮ ಎಷ್ಟೋ ಜನರ ಜೊತೆ ಮಾತು ಬಿಟ್ಟಿದ್ದಳು. ಆಗೆಲ್ಲ ಒಳಗೆ ಬಂದು ಬಿಂದಿಗೆ ಕುಕ್ಕಿ ಹೇಳುವಳು:

‘ನಂಗೆ ಬಂಗಾರ ಬೇಡ, ಸೀರೆ ಬೇಡ. ಅಡುಗೆಮನೇಲಿ ಒಂದು ನಲ್ಲಿ ಇರೋ ಮನೆ ಮಾಡಿಕೊಡಿ. ಸಾಕು.’

ಅಪ್ಪ ಊರಿನ ಅಂಚಿಗೆ, ಮಾಕಳಿ ಬೆಟ್ಟ ಕಾಣುವ ಕಡೆ, ಒಂದು ಸಣ್ಣ ಸೈಟು ತಗೊಂಡ. ಆಗ ಅಲ್ಲಿ ಸುತ್ತ ರಾಗಿ ಹೊಲ, ಮಧ್ಯೆ ಅಲ್ಲೊಂದು ಇಲ್ಲೊಂದು ಮನೆ. ಬೆಳಿಗ್ಗೆ ಬೆಟ್ಟದ ಕಡೆ ಹೋಗುವ ರೈಲಿನ ಸದ್ದು ಕೇಳಿಸುತ್ತಿತ್ತು. ಭಾನುವಾರ ಬಂತೆಂದರೆ ನಾವು ನಾಲ್ಕೂ ಜನ ಬುತ್ತಿ ಕಟ್ಟಿಕೊಂಡು ಸೈಟಿಗೆ ಹೋಗುವುದು. ಮುದ್ದೆ, ಕಾಳಿನ ಸಾರು, ಒಂದು ಈರುಳ್ಳಿ. ಪಾಯದ ಕಲ್ಲಿನ ಮೇಲೆ ಕೂತು ಉಣ್ಣುವಾಗ ಅಮ್ಮ ‘ಇದು ನಡುಮನೆ, ಇಲ್ಲಿ ದೇವರ ಗೂಡು, ಇಲ್ಲಿ ನನ್ನ ನಲ್ಲಿ’ ಎಂದು ಬರೀ ಗಾಳಿಯಲ್ಲಿ ಕೈ ಆಡಿಸಿ ತೋರಿಸುತ್ತಿದ್ದಳು. ಗೋಡೆ ಎದ್ದವು, ಬಾಗಿಲು ನಿಂತಿತು. ಅಪ್ಪನ ಲೆಕ್ಕದಲ್ಲಿ ನೀರಿನ ಪೈಪು, ಕರೆಂಟು ಎರಡೂ ಕೊನೆಗೆ. ‘ತಾರಸಿ ಆಗ್ಲಿ, ಆಮೇಲೆ ಯಾರಾದ್ರೂ ಪ್ಲಂಬರ್‌ಗೆ ಹೇಳೋಣ’ ಅನ್ನುತ್ತಿದ್ದ. ತಾರಸಿ ಆಯಿತು. ಹೊಸ ತಾರಸಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು, ಒಣಗಿದರೆ ಬಿರುಕು ಬಿಡುತ್ತದೆ. ಪಕ್ಕದ ಹೊಲದ ಪಂಪ್‌ಸೆಟ್ಟಿನಿಂದ ನೀರು ತಂದು, ಬಿದಿರಿನ ಏಣಿ ಹತ್ತಿ ಮೇಲೆ ಸುರಿಯಬೇಕು. ಆ ಕೆಲಸವನ್ನು ಅಪ್ಪ ಶೆಡ್ಡಿಗೆ ಹೋಗುವ ಮೊದಲೂ ಬಂದ ಮೇಲೂ ಮಾಡುತ್ತಿದ್ದ. ಒಂದು ದಿನ ಬಿಸಿಲು ಹೆಚ್ಚಿತ್ತು. ಮಧ್ಯಾಹ್ನಕ್ಕೇ ನೀರು ಆರಿಹೋಗಿರುತ್ತೆ ಅನ್ನಿಸಿ ಅಮ್ಮ ಒಬ್ಬಳೇ ಹೋದಳು. ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಏಣಿ ಹತ್ತಿದಳು. ಮೇಲಿನ ಮೆಟ್ಟಿಲಲ್ಲಿ ಕಾಲು ಜಾರಿತು. ಕೆಳಗೆ ಜಲ್ಲಿ ರಾಶಿ ಇತ್ತು, ಅದರ ಮೇಲೆ ಬೆನ್ನು ಅಡಿಯಾಗಿ ಬಿದ್ದಳು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಓಡಿ ಬಂದಾಗ ಅವಳು ಎಚ್ಚರವಾಗೇ ಇದ್ದಳಂತೆ. ‘ಕಾಲು ಎಲ್ಲಿದೆ ಗೊತ್ತಾಗ್ತಿಲ್ಲ’ ಅಂದಳಂತೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳನ್ನು ಬಹಳ ದಿನ ಇಟ್ಟುಕೊಂಡಿದ್ದರು. ನನ್ನನ್ನೂ ಅಕ್ಕನನ್ನೂ ನೋಡಿಕೊಳ್ಳಲು ತೂಬಗೆರೆಯಿಂದ ಅಜ್ಜಿ, ಅಂದರೆ ಅಮ್ಮನ ತಾಯಿ, ಬಂದಳು. ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ ಅಂತ ದೊಡ್ಡವರು ಮಾತಾಡಿಕೊಂಡದ್ದು ನಮ್ಮ ಕಿವಿಗೆ ಬಿತ್ತು. ಮತ್ತೆ ನಡೀತಾಳಾ ಎಂದು ಅಪ್ಪ ಕೇಳಿದ್ದಕ್ಕೆ ಡಾಕ್ಟರು ‘ನೋಡೋಣ’ ಅಂದಿದ್ದರು. ಸಮಾಧಾನಕ್ಕೆ ಹೇಳುವ ಮಾತು ಅದು, ಈಗ ನನಗೆ ಗೊತ್ತು. ಅಪ್ಪ ಮಾತ್ರ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದ. ಯಾರು ಕೇಳಿದರೂ, ‘ನೋಡೋಣ ಅಂದಿದಾರೆ, ಟೈಮ್ ಹಿಡಿಯುತ್ತಂತೆ’ ಅನ್ನುತ್ತಿದ್ದ.

ವಠಾರಕ್ಕೆ ಅಮ್ಮನನ್ನು ಕರೆತರುವಂತಿರಲಿಲ್ಲ. ಅಲ್ಲಿ ಬಾಗಿಲಿಗೇ ಮೆಟ್ಟಿಲು, ಕಕ್ಕಸು ಹಿತ್ತಲ ಕೊನೆಯಲ್ಲಿ. ಹಾಗಾಗಿ ಗಾರೆ ಪೂರ್ತಿಯಾಗದ, ನೀರು ಕರೆಂಟು ಎರಡೂ ಇಲ್ಲದ ಹೊಸ ಮನೆಗೇ ಅವಳನ್ನು ತಂದು ಮಂಚದ ಮೇಲೆ ಮಲಗಿಸಿದೆವು. ಇಷ್ಟು ಕಾಲ ಆಸೆಪಟ್ಟ ಮನೆಗೆ ಅವಳು ವಾಸಕ್ಕೆಂದು ಒಳಗೆ ಬಂದದ್ದು ಅಪ್ಪನ ಮತ್ತು ಸೋದರಮಾವನ ತೋಳಿನ ಮೇಲೆ. ಹೊಸ್ತಿಲು ದಾಟುವಾಗ, ‘ಬಲಗಾಲು ಮುಂದೆ ಮಾಡ್ರಪ್ಪ’ ಎಂದು ಅಜ್ಜಿ ಅಂದಳು. ಅಪ್ಪ ನಿಂತು, ಅಮ್ಮನ ಬಲಗಾಲನ್ನು ಕೈಯಿಂದ ಎತ್ತಿ ಹೊಸ್ತಿಲ ಒಳಗೆ ತಾಗಿಸಿ, ಆಮೇಲೆ ಒಳಗೆ ತಂದ. ಅಮ್ಮ ಮುಖ ಆಚೆ ತಿರುಗಿಸಿದಳು.

ಆ ಮೊದಲ ತಿಂಗಳುಗಳಲ್ಲಿ ಬಚ್ಚಲಿಗೆ ಗೋಡೆ ಇತ್ತು, ನೆಲ ಇರಲಿಲ್ಲ, ನೀರಂತೂ ಇಲ್ಲವೇ ಇಲ್ಲ. ಅಂಗಳದಲ್ಲಿ ಎರಡು ಸೀರೆ ಅಡ್ಡ ಕಟ್ಟಿ, ಹಲಗೆ ಮೇಲೆ ಮಲಗಿಸಿ ಅಜ್ಜಿ ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದಳು. ಗಾಳಿ ಬಂದರೆ ಸೀರೆ ಹಾರುತ್ತಿತ್ತು. ನಾನು ಒಂದು ತುದಿ, ಅಕ್ಕ ಒಂದು ತುದಿ ಹಿಡಿದು ನಿಲ್ಲುವುದು, ಮುಖ ಹೊರಗಡೆಗೆ. ಹೊಲದ ದಾರಿಯಲ್ಲಿ ಯಾರಾದರೂ ಬರುವುದು ಕಂಡರೆ ನಾನು ಕೆಮ್ಮಬೇಕು. ಕೆಮ್ಮಿದರೆ ಒಳಗೆ ನೀರಿನ ಸದ್ದು ನಿಲ್ಲುತ್ತಿತ್ತು. ಎಲ್ಲರ ಬಾಯಿ ಮುಚ್ಚಿಸುತ್ತಿದ್ದ ನಮ್ಮಮ್ಮ ಆ ಹೊತ್ತಿನಲ್ಲಿ ಒಂದೂ ಮಾತಾಡುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಪ್ಲಂಬರನ್ನೋ ಎಲೆಕ್ಟ್ರಿಷಿಯನ್ನನ್ನೋ ಕರೆಯುವ ಶಕ್ತಿ ನಮಗಿರಲಿಲ್ಲ. ಆದರೆ ಅಪ್ಪ ತಾನೇ ಪೈಪು ಹಿಡಿದದ್ದಕ್ಕೆ ಅದೊಂದೇ ಕಾರಣವಲ್ಲ. ಒಂದು ಸಂಜೆ ಸೋದರಮಾವ, ‘ನಮ್ಮೂರಲ್ಲಿ ಒಬ್ಬ ಇದಾನೆ ಭಾವ, ನಾನು ಹೇಳ್ತೀನಿ, ಬಂದು ಮಾಡಿಕೊಡ್ತಾನೆ’ ಅಂದಾಗ ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

‘ಬೇಡ. ಮೇಲಕ್ಕೊಂದು ಪೈಪು ಮೊದಲೇ ಎಳೆದಿದ್ದಿದ್ರೆ ಅವಳು ಏಣಿ ಹತ್ತುತ್ತಿರಲಿಲ್ಲ. ಆಮೇಲೆ ಆಮೇಲೆ ಅಂದೋನು ನಾನು. ನಾನೇ ಮಾಡ್ತೀನಿ.’

ಪೇಟೆಯಲ್ಲಿ ಅನ್ವರ್ ಸಾಬರ ಅಂಗಡಿ ಇತ್ತು. ಪೈಪು, ನಲ್ಲಿ, ವೈರು ಎಲ್ಲ ಅಲ್ಲೇ ಸಿಗುತ್ತಿತ್ತು. ಅಪ್ಪನಿಗೆ ಮೋಟಾರು ಗೊತ್ತಿತ್ತೇ ಹೊರತು ಮನೆಯ ಪೈಪುಗಳ ಕೆಲಸ ಗೊತ್ತಿರಲಿಲ್ಲ. ಸಾಬರು ಅಂಗಡಿಯ ಮುಂದೆ ನೆಲದ ಮೇಲೆಯೇ ಸೀಮೆಸುಣ್ಣದಲ್ಲಿ ಬರೆದು, ಎಲ್ಲಿ ತಿರುವು, ಎಲ್ಲಿ ಕವಲು ಎಂದು ಹೇಳಿಕೊಡುತ್ತಿದ್ದರು. ‘ಹೋಗಿ ಮಾಡು ತಮ್ಮ, ಸೋರಿದ್ರೆ ಬಾ’ ಅನ್ನುತ್ತಿದ್ದರು. ಮೊದಮೊದಲು ಸೋರದ ದಿನವೇ ಇರಲಿಲ್ಲ. ಕಬ್ಬಿಣದ ಪೈಪಿನ ತುದಿಗೆ ತಿರುಪಿನ ಮರೆ ಕೊಯ್ದು, ಸೆಣಬಿನ ನಾರು ಸುತ್ತಿ, ಬಣ್ಣ ಬಳಿದು ತಿರುಗಿಸಬೇಕು. ನಾರು ಸುತ್ತುವ ಕೆಲಸವನ್ನು ಅಪ್ಪ ಎಷ್ಟು ಸಲ ಮಾಡಿದರೂ ಕಿತ್ತು ಬರುತ್ತಿತ್ತು. ಮಂಚದ ಮೇಲಿನಿಂದ ನೋಡುತ್ತಿದ್ದ ಅಮ್ಮ ಒಂದು ದಿನ ತಡೆಯಲಾರದೆ ಅಂದಳು:

‘ಏನ್ರೀ ಅದು, ಹಗ್ಗ ಸುತ್ತಿದ ಹಾಗೆ ಸುತ್ತುತ್ತೀರ? ಇಲ್ಲಿ ಕೊಡಿ.’

ಅವಳು ಎದೆಯ ಮೇಲೆ ಪೈಪು ಇಟ್ಟುಕೊಂಡು, ನಾರನ್ನು ತೆಳ್ಳಗೆ ಎಳೆದು, ಕಂಡಿಕೆಗೆ ಎಳೆ ಕೂರಿಸುವಂತೆ ಒತ್ತೊತ್ತಾಗಿ ಸುತ್ತಿದಳು. ಆ ಜಾಯಿಂಟು ಸೋರಲಿಲ್ಲ. ಬಿದ್ದ ಮೇಲೆ ಅವಳು ತಾನಾಗಿ ಒಂದು ಕೆಲಸ ಕೇಳಿ ಪಡೆದದ್ದು ಅದೇ ಮೊದಲು. ಆಮೇಲೆ ಮನೆಯ ಎಲ್ಲ ಜಾಯಿಂಟಿಗೂ ಅವಳೇ ನಾರು ಸುತ್ತಿದಳು. ನಾನು ಪೈಪು ಹೊತ್ತು ತರುವುದು, ಅವಳು ಸುತ್ತುವುದು, ಅಪ್ಪ ತಿರುಗಿಸುವುದು. ಬಚ್ಚಲಲ್ಲಿ ಮಂಚದಷ್ಟೇ ಎತ್ತರದ ಒಂದು ಕಟ್ಟೆ ಕಟ್ಟಿದರೆ, ಬಾಗಿಲಿಗೆ ಮಂಚ ತಂದು ಆನಿಸಿ ತಾನೇ ಜಾರಿಕೊಂಡು ಹೋಗಬಹುದು ಅನ್ನುವ ಯೋಚನೆಯೂ ಅವಳದೇ. ಅಪ್ಪ ಹಾಗೇ ಕಟ್ಟಿದ. ತಾರಸಿಯ ಮೇಲಿನ ತೊಟ್ಟಿಗೆ ನೀರು ಹತ್ತಿ ನಲ್ಲಿಯಲ್ಲಿ ಬಂದ ದಿನ ಮಾತ್ರ ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಅಜ್ಜಿ, ‘ತೊಟ್ಟಿ ಖಾಲಿ ಆಗುತ್ತೆ ಕಣೇ ಜಯ’ ಅಂತ ಬಾಗಿಲು ಬಡಿದಳು. ನೀರಿನ ಸದ್ದಿನಲ್ಲಿ ಅಮ್ಮ ಅಳುತ್ತಿದ್ದಳು ಅಂತ ಅಕ್ಕ ಆಮೇಲೆ ಹೇಳಿದಳು. ನನಗೆ ಆಗ ಗೊತ್ತಾಗಿರಲಿಲ್ಲ.

ಆಮೇಲೆ ವೈರಿಂಗ್. ಅಪ್ಪ ಮನೆಯ ಹಿಂದೆ ಆಳವಾಗಿ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದ. ಷಾಕ್ ಹೊಡೆಯದಿರಲಿ ಅಂತ ಭೂಮಿಗೆ ಕೊಡುವ ಅರ್ಥಿಂಗ್ ಅದು. ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ, ‘ಮನೆ ಮಗ್ಗುಲಲ್ಲಿ ಯಾರಾದ್ರೂ ಇದ್ದಿಲು ಹೂಳ್ತಾರಾ’ ಎಂದು ಎರಡು ದಿನ ಗೊಣಗಿ, ಕೊನೆಗೆ ಆ ಗುಂಡಿಯ ಮೇಲೂ ಒಂದು ಹೂವಿಟ್ಟು ಬಂದಳು. ಗೋಡೆ ಕೊರೆದು ಪೈಪು ಕೂರಿಸಿ, ಅದರೊಳಗೆ ಗಟ್ಟಿ ತಂತಿ ಬಿಟ್ಟು ವೈರು ಎಳೆಯಬೇಕು. ಒಂದು ತುದಿಯಲ್ಲಿ ಅಪ್ಪ ಎಳೆಯುತ್ತಿದ್ದ, ಇನ್ನೊಂದು ತುದಿಯಲ್ಲಿ ನಾನು ವೈರು ಸಿಕ್ಕಾಗದಂತೆ ಒಳಗೆ ಬಿಡುತ್ತಿದ್ದೆ. ಕೆಂಪು, ಕಪ್ಪು, ಹಸಿರು ಬಿಡಿಸಿ ಕಟ್ಟಿಕೊಡುವುದು ಮಂಚದ ಮೇಲೆ ಅಮ್ಮ. ಸಂತೋಷ ಅನ್ನಬಹುದಾದ ದಿನಗಳು ಅವು. ಅಷ್ಟರಲ್ಲಿ ಬೋರ್ಡಿನ ಮಾತು ಬಂತು.

ಅಪ್ಪ ಗೋಡೆಯ ಮೇಲೆ ತನ್ನ ಎದೆಮಟ್ಟಕ್ಕೆ ಪೆನ್ಸಿಲಿನಲ್ಲಿ ಚೌಕ ಬರೆಯುತ್ತಿದ್ದ. ಅಮ್ಮ ನೋಡಿದಳು.

‘ಅಷ್ಟು ಮೇಲೆ ಯಾಕ್ರೀ? ಸ್ವಲ್ಪ ಕೆಳಗೆ ಬರ್ಲಿ. ನಾನು ಕೂತಲ್ಲಿಗೆ ಎಟುಕೋ ಹಾಗೆ.’

‘ಸ್ವಿಚ್ಚು ಎಲ್ಲಿರಬೇಕೋ ಅಲ್ಲಿರುತ್ತೆ.’

‘ಯಾರಿಗೆ ಇರಬೇಕೋ ಅವರ ಕೈಗೆ ಸಿಗಬೇಕಲ್ವಾ? ಹಗಲೆಲ್ಲ ಮನೇಲಿ ಇರೋಳು ನಾನು.’

‘ಈಗ ಹಿಂಗಿದೀಯ. ಯಾವಾಗ್ಲೂ ಹಿಂಗೇ ಇರ್ತೀಯಾ?’

‘ಇರ್ತೀನಿ ರೀ. ನಂಗೆ ಗೊತ್ತಲ್ಲ ನನ್ನ ಕಾಲು.’

ಅಪ್ಪ ಕೈಯಲ್ಲಿದ್ದ ಉಳಿ ನೆಲಕ್ಕೆಸೆದ. ಅಪ್ಪ ಕೂಗಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

‘ಏಳ್ತೀಯ ನೀನು! ಎದ್ದು ಬಂದು ಈ ಸ್ವಿಚ್ ಒತ್ತುತೀಯ! ಈಗ್ಲೇ ಕೆಳಗೆ ಇಳಿಸಿಬಿಟ್ರೆ ಏನರ್ಥ? ನಾನೇ ಕೈಬಿಟ್ಟಂಗಲ್ವಾ?’

ಬೋರ್ಡುಗಳು ಅಪ್ಪನ ಎದೆಮಟ್ಟಕ್ಕೇ ಕೂತವು. ಮನೆಗೆ ಕರೆಂಟು ಬಂದ ದಿನ ಹಾಲು ಉಕ್ಕಿಸಿದೆವು, ಅಜ್ಜಿ ಹೋಳಿಗೆ ಮಾಡಿದಳು. ಬಲ್ಬು ಹತ್ತಿದಾಗ ನಾನು ಚಪ್ಪಾಳೆ ತಟ್ಟಿದೆ. ಅಪ್ಪ ಅಮ್ಮನ ಕಡೆ ನೋಡುತ್ತಿದ್ದ. ಅಮ್ಮ ನಕ್ಕಳು, ‘ಚೆನ್ನಾಗಿದೆ’ ಅಂದಳು.

ಸ್ವಲ್ಪ ದಿನಕ್ಕೆ ಅಜ್ಜಿ ಊರಿಗೆ ಹೋದಳು. ಅಪ್ಪ ಒಂದು ಹಲಗೆಗೆ ಮಗ್ಗದ ಹಳೆ ಬೇರಿಂಗುಗಳನ್ನು ಚಕ್ರದ ಹಾಗೆ ಹಾಕಿಕೊಟ್ಟ. ಅಮ್ಮ ಅದರ ಮೇಲೆ ಕೂತು, ಅಂಗೈ ನೆಲಕ್ಕೊತ್ತಿ, ಗಾರೆ ನೆಲದ ಮೇಲೆ ಕೋಣೆಯಿಂದ ಕೋಣೆಗೆ ಓಡಾಡಲು ಕಲಿತಳು. ತೋಳು ಗಟ್ಟಿಯಾದವು. ಆದರೆ ಸ್ವಿಚ್ಚು ಎಟುಕುತ್ತಿರಲಿಲ್ಲ. ಮಳೆಗಾಲದ ಸಂಜೆ ಬೇಗ ಕತ್ತಲಾಗುತ್ತಿತ್ತು. ಅಕ್ಕ ಟೈಪಿಂಗ್ ಕ್ಲಾಸಿಗೆ, ನಾನು ಸ್ಕೂಲಿನಿಂದ ಟ್ಯೂಷನ್ನಿಗೆ ಹೋಗಿ ಮನೆಗೆ ಬಂದರೆ ಮನೆ ಕತ್ತಲಲ್ಲಿರುತ್ತಿತ್ತು. ನಾನು ಲೈಟು ಹಾಕಿದಾಗ ಅಮ್ಮ ಕಣ್ಣು ಕಿರಿದು ಮಾಡಿ, ‘ಬಂದ್ಯಾ ಪುಟ್ಟಿ’ ಅನ್ನುತ್ತಿದ್ದಳು. ಆಗಷ್ಟೇ ಮಲಗಿದ್ದೆ, ಲೈಟು ಬೇಕಿರಲಿಲ್ಲ ಅನ್ನುತ್ತಿದ್ದಳು. ಪಕ್ಕದಲ್ಲಿ ಅರ್ಧ ಸೋಸಿದ ಸೊಪ್ಪೋ, ಆರಿಸಿದ ಅಕ್ಕಿಯೋ ಇರುತ್ತಿತ್ತು. ಅಪ್ಪನ ಮುಂದೆ ಅವಳು ಬೋರ್ಡಿನ ಮಾತೇ ಎತ್ತಲಿಲ್ಲ. ಲೈಟು ಒತ್ತಲು ಒಂದು ಉದ್ದನೆಯ ಕೋಲು ಮೂಲೆಯಲ್ಲಿ ಇಟ್ಟುಕೊಂಡಿದ್ದಳು, ಅದರ ತುದಿಗೆ ಸ್ವಿಚ್ಚು ಸಿಗುತ್ತಿದ್ದದ್ದು ಅಪರೂಪ. ಅಪ್ಪ ಬರುವ ಹೊತ್ತಿಗೆ ಅದನ್ನು ಮಂಚದ ಕೆಳಗೆ ತಳ್ಳಿಬಿಡುತ್ತಿದ್ದಳು.

ಆಷಾಢದ ಒಂದು ಸಂಜೆ ಅಪ್ಪ ನನಗಿಂತ ಮೊದಲೇ ಮನೆಗೆ ಬಂದಿದ್ದ. ನಾನು ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಲೈಟಿತ್ತು. ಅಪ್ಪ ನೆಲದ ಮೇಲೆ ಕೂತಿದ್ದ, ಅಮ್ಮನ ತಲೆ ಅವನ ತೊಡೆಯ ಮೇಲೆ. ಪಕ್ಕದಲ್ಲಿ ಆ ಕೋಲು ಬಿದ್ದಿತ್ತು, ದೂರದ ಮೂಲೆಯಲ್ಲಿ ಹಲಗೆ ಮಗುಚಿಕೊಂಡಿತ್ತು. ಲೈಟು ಹಾಕಲು ಕೋಲು ಎತ್ತಿದವಳು ಆಯ ತಪ್ಪಿ ಬಿದ್ದಿದ್ದಳು. ಹಲಗೆ ಅತ್ತ ಜಾರಿಹೋಗಿ, ಮೈ ಎಳೆದುಕೊಂಡು ಮಂಚದವರೆಗೂ ಹೋಗಲಾರದೆ, ಅಪ್ಪ ಬರುವವರೆಗೂ ಅಲ್ಲೇ ಕತ್ತಲಲ್ಲಿ ಬಿದ್ದಿದ್ದಳು. ಹಣೆಯಲ್ಲಿ ರಕ್ತ ಒಣಗಿತ್ತು. ಅಪ್ಪ ಒಂದೇ ಮಾತು ಕೇಳುತ್ತಿದ್ದ.

‘ಕೂಗಬಾರದಿತ್ತಾ? ಪಕ್ಕದ ಮನೆಯೋರು ಬರ್ತಿದ್ರಲ್ಲ. ಕೂಗಬಾರದಿತ್ತಾ ಜಯ?’

‘ಲೈಟ್ ಹಾಕಿ ಅಂತ ಕೂಗ್ಲಾ?’ ಅಂದಳು ಅಮ್ಮ.

ಮರುದಿನ ಬೆಳಿಗ್ಗೆ ಅಪ್ಪ ಶೆಡ್ಡಿಗೆ ಹೋಗಲಿಲ್ಲ. ಮೇನ್ ಸ್ವಿಚ್ ಆರಿಸಿ, ನಡುಮನೆಯ ಬೋರ್ಡು ಬಿಚ್ಚಿ, ಅದರ ಕೆಳಗೆ ಗೋಡೆ ಕೊರೆಯತೊಡಗಿದ. ಅದಾಗಲೇ ಸುಣ್ಣ ಹೊಡೆದಿದ್ದ ಗೋಡೆ. ಉಳಿಯ ಏಟಿಗೆ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಹಳೆಯ ವೈರು ಕೆಳಗಿನವರೆಗೂ ಬರುತ್ತಿರಲಿಲ್ಲ. ನಡುವೆ ಗಂಟು ಹಾಕುವುದು ಬೇಡ ಅಂತ ಪೂರ್ತಿ ಕಿತ್ತು ಹೊಸದು ಎಳೆದೆವು. ಅಮ್ಮ ಹಣೆಗೆ ಬಟ್ಟೆ ಕಟ್ಟಿಕೊಂಡು, ಬಣ್ಣ ಬಣ್ಣದ ವೈರು ಬಿಡಿಸಿಕೊಡುತ್ತಿದ್ದಳು. ಅಳತೆ ನೋಡಲು ಅಪ್ಪ ಒಂದು ಸಲ ಮಾತ್ರ ಬಂದು ಅವಳ ಎದುರು ಮಂಡಿಯೂರಿ, ‘ಕೈ ಚಾಚು’ ಅಂದ. ಅವಳು ಹಲಗೆಯ ಮೇಲೆ ಕೂತು ಗೋಡೆಯ ಕಡೆ ಕೈ ಚಾಚಿದಳು. ಬೆರಳು ಮುಟ್ಟಿದ ಜಾಗದಲ್ಲಿ ಅಪ್ಪ ಗೆರೆ ಎಳೆದ. ಅಮ್ಮ ಅವನ ಮುಖ ನೋಡುತ್ತಿದ್ದಳು. ನಾನಂದುಕೊಂಡಿದ್ದೆ, ಕೇಳಿದ್ದು ಸಿಕ್ಕಿತಲ್ಲ, ಅವಳಿಗೆ ಸಂತೋಷವಾಗಿರಬೇಕು ಅಂತ. ಕೋಣೆಯಿಂದ ಕೋಣೆಗೆ ಹೋಗುತ್ತ, ವಾರ ಕಳೆಯುವುದರೊಳಗೆ ಎಲ್ಲ ಬೋರ್ಡುಗಳೂ ಕೆಳಗಿಳಿದವು. ಮೇಲಿನ ತೂತುಗಳಿಗೆ ಅಪ್ಪ ಸಿಮೆಂಟು ಮೆತ್ತಿದ. ಎಷ್ಟು ಸುಣ್ಣ ಬಳಿದರೂ ಆ ಚೌಕಗಳು ಗೋಡೆಯ ಮೇಲೆ ಎದ್ದು ಕಾಣುತ್ತಿದ್ದವು.

ಡಾಕ್ಟರು ‘ನೋಡೋಣ’ ಅಂದಿದ್ದಾರೆ ಅನ್ನುವ ಮಾತು ಅವತ್ತಿನಿಂದ ಅಪ್ಪನ ಬಾಯಲ್ಲಿ ಬರಲಿಲ್ಲ. ಅಡುಗೆಮನೆಯ ಕಟ್ಟೆಯನ್ನೂ ಒಡೆದು ಗಿಡ್ಡ ಮಾಡಿದ, ನಲ್ಲಿ ಇಳಿಸಿದ. ಅಮ್ಮ ಮತ್ತೆ ಒಲೆ ಮುಂದೆ ಬಂದಳು. ಹಲಗೆಯ ಮೇಲೆ ಕೂತು, ಪಾತ್ರೆಯನ್ನು ಕಾಲುಗಳ ಮಧ್ಯೆ ಒತ್ತಿ ಹಿಡಿಯಲಾಗದೆ ಗೋಡೆಗೆ ಆನಿಸಿಕೊಂಡು, ಮುದ್ದೆ ತೊಳಸುತ್ತಿದ್ದಳು. ಅವಳ ಬಸ್ಸಾರಿನ ವಾಸನೆ ಮತ್ತೆ ಮನೆ ತುಂಬಿತು. ಉಪ್ಪು ಹೆಚ್ಚಾಯಿತು ಅಂತ ಅಕ್ಕ ಅಂದರೆ ಜಗಳಕ್ಕೂ ಬರುತ್ತಿದ್ದಳು. ನಾವು ಮನೆಗೆ ಬರುವಷ್ಟರಲ್ಲಿ ಲೈಟು ಹತ್ತಿರುತ್ತಿತ್ತು. ಹೊಲದ ದಾರಿಯಿಂದ ಆ ಹಳದಿ ಬೆಳಕು ಕಂಡರೆ ನಾನು ಓಡಲು ಶುರುಮಾಡುತ್ತಿದ್ದೆ. ಅಪ್ಪ ಮಾತ್ರ ಕಡಿಮೆ ಮಾತಿನವನಾದ. ಕೆಲಸದಿಂದ ಬಂದು ಕಾಲು ತೊಳೆದು ಅವಳ ಪಕ್ಕ ನೆಲದ ಮೇಲೆ ಕೂರುವನು, ಕುರ್ಚಿ ಇದ್ದರೂ ಕೂರುತ್ತಿರಲಿಲ್ಲ. ಇಂದಿಗೂ ನಾನು ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಅಲ್ಲಿಯ ನಲ್ಲಿ, ಸ್ವಿಚ್ಚುಗಳ ಕಡೆಗೆ. ಮನೆಯಲ್ಲಿ ಯಾರ ಕೈಗೆ ಅವು ಸಿಗುತ್ತಿಲ್ಲ ಅಂತ ಹುಡುಕುತ್ತೇನೆ. ಯಾರೂ ಸಹಾಯ ಕೇಳದಿದ್ದರೆ ಅವರಿಗೆ ಬೇಕಿಲ್ಲ ಅಂತ ನಾನು ಯಾವತ್ತೂ ಅಂದುಕೊಳ್ಳಲಾರೆ. ಈ ಸ್ವಭಾವ ನನಗೆ ಬಂದದ್ದು ಆ ಮನೆಯಿಂದ.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಿನ ಒಂದು ಭಾನುವಾರ. ಅಮ್ಮ ಮಂಚದ ಮೇಲೆ ಕೂತು, ನನ್ನನ್ನು ಕೆಳಗೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಅಪ್ಪ ಹೊರಗೆ ಸೈಕಲ್ ಒರೆಸುತ್ತಿದ್ದ. ನಾನು ಏನೋ ಮಾತಿಗೆ, ಬೋರ್ಡು ಇಳಿಸಿದ ಮೇಲೆ ನಿನಗೆ ಎಷ್ಟು ಅನುಕೂಲ ಆಯಿತಲ್ಲಮ್ಮ ಅಂದೆ. ಬಾಚಣಿಗೆ ನಿಂತಿತು.

‘ಅನುಕೂಲ ಆಯ್ತು ಕಣೆ. ಆದ್ರೆ ಆ ದಿನ ನಾನು ಪಟ್ಟ ಸಂಕಟ ಬಿದ್ದ ದಿನಾನೂ ಪಟ್ಟಿರಲಿಲ್ಲ.’

‘ಯಾಕೆ? ನೀನೇ ಕೇಳಿದ್ದಲ್ವಾ?’

‘ನಾನೇ ಕೇಳಿದ್ದು. ನಾನು ಏಳಲ್ಲ ಅಂತ ನಂಗೆ ಗೊತ್ತಿತ್ತು, ನಮ್ಮಮ್ಮಂಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ನಿಮ್ಮಪ್ಪ ಒಬ್ರೇ ಏಳ್ತೀಯ ಏಳ್ತೀಯ ಅಂತಿದ್ರು. ಅವರು ಬೈದಾಗೆಲ್ಲ ನಂಗೊಂದು ಧೈರ್ಯ. ಆ ಗೆರೆ ಎಳೆದ್ರಲ್ಲ, ಆಗ ಅವರ ಮುಖ ನೋಡ್ದೆ. ಅವರೂ ಬಿಟ್ಬಿಟ್ರು ಅಂತ ಗೊತ್ತಾಯ್ತು. ಇನ್ಯಾರೂ ಉಳೀಲಿಲ್ಲ ಪುಟ್ಟಿ, ನಾನು ಏಳ್ತೀನಿ ಅನ್ನೋರು.’

ಮತ್ತೆ ಬಾಚಲು ಶುರುಮಾಡಿದಳು. ಜಡೆ ಹೆಣೆದು ತುದಿಗೆ ರಿಬ್ಬನ್ ಕಟ್ಟುವಾಗ ಮೆಲ್ಲಗೆ ಹೇಳಿದಳು:

‘ಇದನ್ನ ಅವರಿಗೆ ಹೇಳ್ಬೇಡ. ಪಾಪ, ನನಗೋಸ್ಕರ ಅಲ್ವಾ ಇಳಿಸಿದ್ದು.’

ಕೂತೂ ಮಲಗಿಯೂ ಅಮ್ಮನಿಗೆ ಸೊಂಟದ ಕೆಳಗೆ ಹುಣ್ಣಾಗುವುದು, ಮಾಯುವುದು, ಮತ್ತೆ ಆಗುವುದು ನಡೆದೇ ಇತ್ತು. ಅಲ್ಲಿ ನೋವು ಗೊತ್ತಾಗದ ಕಾರಣ ಅದು ಬೆಳೆದದ್ದು ತಿಳಿಯುತ್ತಿರಲಿಲ್ಲ. ಪ್ರತಿ ದಿನ ನೋಡಿ ಔಷಧಿ ಹಚ್ಚುತ್ತಿದ್ದ ಅಪ್ಪನಿಗೇ ಒಂದು ಹುಣ್ಣು ಒಳಗೊಳಗೇ ಆಳಕ್ಕೆ ಇಳಿದದ್ದು ಗೊತ್ತಾಗಲಿಲ್ಲ. ನಾನು ಪಿಯುಸಿಗೆ ಸೇರಿದ ವರ್ಷ ಜ್ವರ ಬಂತು, ಬಿಡಲಿಲ್ಲ. ಆಸ್ಪತ್ರೆಗೆ ಹೋಗಿ ಬಂದಳು, ಮತ್ತೆ ಹೋದಳು. ಕೊನೆಗೆ ‘ಮನೆಗೆ ಕರ್ಕೊಂಡು ಹೋಗಿ’ ಅಂದಳು. ಮನೆಗೆ ಬಂದ ಮೂರನೆಯ ದಿನ, ಬೆಳಗಿನ ರೈಲು ಹೋದ ಮೇಲೆ, ಅಪ್ಪ ಅವಳ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದಾಗ ಹೋದಳು. ನೀರು ತುಟಿಯಿಂದ ಪಕ್ಕಕ್ಕೆ ಹರಿಯಿತು. ಅಪ್ಪ ಅದನ್ನು ತನ್ನ ಟವೆಲ್ಲಿನಿಂದ ಒರೆಸಿ, ಇನ್ನೊಂದು ಚಮಚ ತುಂಬಿಕೊಂಡ. ಅಕ್ಕ ಅವನ ಕೈ ಹಿಡಿದುಕೊಂಡಳು.

ನೆಂಟರು ಬಂದು ಸೇರಿದರು. ತೂಬಗೆರೆಯ ಹಿರಿಯರೊಬ್ಬರು, ಹೆಣಕ್ಕೆ ಅಂಗಳದಲ್ಲೇ ಸ್ನಾನ ಮಾಡಿಸಬೇಕು, ಸುತ್ತ ಸೀರೆ ಹಿಡಿಯಿರಿ ಅಂದರು. ಅಪ್ಪ ನೆಲದಿಂದ ಎದ್ದ. ಅಮ್ಮನ ಕಡೆಯ ಹಿರಿಯರಿಗೆ ಅವನು ಯಾವತ್ತೂ ಎದುರು ಮಾತಾಡಿದವನಲ್ಲ.

‘ಅಂಗಳದಲ್ಲಿ ಬೇಡ. ಅವಳ ಬಚ್ಚಲಲ್ಲೇ ಮಾಡಿಸಿ.’

‘ಹಂಗೆ ಮಾಡೋ ಪದ್ಧತಿ ಇಲ್ಲಪ್ಪ.’

‘ಇಲ್ಲದಿದ್ರೆ ಇಲ್ಲ. ಹೊರಗೆ ಮಾತ್ರ ಬೇಡ.’

ಅಜ್ಜಿ ಅಳುತ್ತಲೇ, ‘ಅವನು ಹೇಳಿದಂಗೆ ಆಗ್ಲಿ’ ಅಂದಳು. ನಾನು, ಅಕ್ಕ, ಅಜ್ಜಿ ಮೂವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಆ ಕಟ್ಟೆಯ ಮೇಲೆ ಮಲಗಿಸಿ ಅಮ್ಮನ ಮೈ ತೊಳೆದೆವು. ಈ ಸಲ ಯಾರೂ ಕೆಮ್ಮಬೇಕಾಗಿರಲಿಲ್ಲ.

ವರ್ಷ ಕಳೆದ ಮೇಲೆ ಅಕ್ಕನ ಮದುವೆ ಗೊತ್ತಾಯಿತು. ಮನೆಗೆ ಬಣ್ಣ ಹೊಡೆಸಲು ಒಬ್ಬ ಪೇಂಟರ್ ಬಂದ. ಗೋಡೆ ಉಜ್ಜುತ್ತಾ ಅವನು ಸಹಜವಾಗಿ, ‘ಯಜಮಾನ್ರೇ, ಈ ಬೋರ್ಡೆಲ್ಲ ಮೇಲೆ ಮಾಡಿಸ್ಬಿಡಿ. ಮದುವೆ ಮನೆ, ಚಿಕ್ಕ ಮಕ್ಕಳು ಬರ್ತವೆ, ಕೈ ಹಾಕ್ತವೆ’ ಅಂದ. ಅವನು ಹೇಳಿದ್ದು ಸರಿಯಾಗೇ ಇತ್ತು. ಅಪ್ಪ, ‘ಆಮೇಲೆ ನೋಡೋಣ’ ಅಂದ. ನಡುಮನೆಯಲ್ಲಿ ಸಾಮಾನೆಲ್ಲ ಮಧ್ಯಕ್ಕೆ ಎಳೆದು ಹಳೆ ಸೀರೆ ಹೊದಿಸಿತ್ತು. ಪೇಂಟರ್ ಊಟಕ್ಕೆ ಹೋದ ಮೇಲೆ ನಾನೂ ಅಪ್ಪನೂ ಗೋಡೆಗೊರಗಿ ಕೂತಿದ್ದೆವು. ಎದುರಿಗೆ, ಉಜ್ಜಿದ ಗೋಡೆಯಲ್ಲಿ, ಆ ಮುಚ್ಚಿದ ಚೌಕ ಬಿಳಿಚಿಕೊಂಡು ಕಾಣುತ್ತಿತ್ತು. ಅಪ್ಪ ಅದನ್ನೇ ನೋಡುತ್ತಿದ್ದ.

‘ಪುಟ್ಟಿ, ನಿಮ್ಮಮ್ಮ ಇದರ ಬಗ್ಗೆ ನಿನ್ನ ಹತ್ರ ಏನಾದ್ರೂ ಅಂದಿದ್ಲಾ?’

‘ಯಾವುದರ ಬಗ್ಗೆ ಅಪ್ಪ?’

‘ಮೊದಲೇ ಕೆಳಗೆ ಹಾಕಲಿಲ್ಲ ಅಂತ. ಹಟ ಮಾಡಿದೆ ಅಂತ. ಕತ್ತಲಲ್ಲಿ ಕೂರಿಸಿದೆ ಅಂತ. ನನ್ನ ಹತ್ರ ಯಾವತ್ತೂ ಅನ್ನಲಿಲ್ಲ. ನಿನ್ನ ಹತ್ರ ಅಂದಿರಬೇಕು.’

ಅಮ್ಮ ಹೇಳಬೇಡ ಅಂದದ್ದು ನನಗೆ ನೆನಪಿತ್ತು. ಆದರೆ ಇಷ್ಟು ವರ್ಷ ಅಪ್ಪ ಏನನ್ನು ಹೊತ್ತುಕೊಂಡು ತಿರುಗುತ್ತಿದ್ದ ಅನ್ನುವುದು ಆಗ ತಿಳಿಯಿತು. ಅವಳು ಅಂದದ್ದು ಅದಲ್ಲ ಅಂತ ಹೇಳದೆ ಇರಲು ನನ್ನಿಂದಾಗಲಿಲ್ಲ. ತಲೆ ಬಾಚುತ್ತಾ ಅವಳು ಹೇಳಿದ್ದನ್ನು, ಅವಳ ಮಾತಿನಲ್ಲೇ, ಒಂದೂ ಬಿಡದೆ ಹೇಳಿದೆ. ಅವನು ‘ಏಳ್ತೀಯ’ ಅಂತ ಬೈಯುತ್ತಿದ್ದದ್ದೇ ಅವಳಿಗೆ ಧೈರ್ಯವಾಗಿತ್ತು ಅಂದೆ. ಗೆರೆ ಎಳೆದ ದಿನ ಅವನ ಮುಖ ನೋಡಿದಳಂತೆ ಅಂದೆ.

ಅಪ್ಪ ಎದ್ದು ಹೋಗಿ ಗೋಡೆಯ ಆ ಚೌಕದ ಮೇಲೆ ಅಂಗೈ ಇಟ್ಟು ನಿಂತ. ಬಣ್ಣದವನು ಉಜ್ಜಿದ್ದ ಸುಣ್ಣದ ಪುಡಿ ಅವನ ಕೈಗೆಲ್ಲ ಹತ್ತಿತು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ:

‘ಅವಳು ಹೇಳಿದ್ದಿದ್ರೆ, ಒಂದು ಬೋರ್ಡನ್ನಾದ್ರೂ ಮೇಲೇ ಬಿಟ್ಟಿರ್ತಿದ್ದೆ ಕಣೆ.’